ಮಾರ್ವಿನ್ ಗೇ ಹಟ ಹಿಡಿದ ವರ್ಷ

ಅಮೆರಿಕದ ಡೆಟ್ರಾಯ್ಟ್‌ನ ಬೆರಿ ಗಾರ್ಡಿ ಹಾಡಿನ ಕಂಪನಿ ಕಟ್ಟುವ ಮುಂಚೆ ಕಾರು ಕಾರ್ಖಾನೆಯಲ್ಲಿ ದುಡಿದವನು. ಒಂದು ತುದಿಯಲ್ಲಿ ಬರೀ ಚೌಕಟ್ಟು ಒಳಗೆ ಹೋಗುತ್ತಿತ್ತು, ಇನ್ನೊಂದು ತುದಿಯಲ್ಲಿ ಹೊಸ ಕಾರು ಹೊರಬರುತ್ತಿತ್ತು. ಹಾಡನ್ನೂ ಹಾಗೇ ತಯಾರಿಸಬಹುದಲ್ವಾ ಅಂದುಕೊಂಡ. ಅವನ ಮೋಟೌನ್ ಕಂಪನಿ ನಡೆದದ್ದೇ ಹಾಗೆ. ಬರೆಯುವವರು ಒಬ್ಬರು, ನುಡಿಸುವವರು ಇನ್ನೊಬ್ಬರು, ಹಾಡುವವರು ಮತ್ತೊಬ್ಬರು. ಯಾವ ಹಾಡು ಬಿಡುಗಡೆಯಾಗಬೇಕು ಅನ್ನೋದು ವಾರದ ಮೀಟಿಂಗಿನಲ್ಲಿ ತೀರ್ಮಾನ.

ಆ ಸಾಲಿನಲ್ಲಿ ಮಾರ್ವಿನ್ ಗೇ ಪ್ರೇಮಗೀತೆಗಳ ಹುಡುಗ. ಚೆಂದದ ಸೂಟು, ಬೆಣ್ಣೆಯಂಥ ದನಿ. ಸಾಲದ್ದಕ್ಕೆ ಗಾರ್ಡಿಯ ಅಕ್ಕ ಆ್ಯನಾಳ ಗಂಡ. ಒಳ್ಳೆ ವ್ಯಾಪಾರವಾಗುತ್ತಿರುವಾಗ ದಾರಿ ಬದಲಿಸು ಅಂತ ಯಾರು ಹೇಳುತ್ತಾರೆ?

1967ರಲ್ಲಿ ಅವನ ಜೊತೆ ಯುಗಳಗೀತೆ ಹಾಡುತ್ತಿದ್ದ ಟ್ಯಾಮಿ ಟೆರೆಲ್ ವೇದಿಕೆಯ ಮೇಲೇ ಕುಸಿದಳು. ಮೆದುಳಿನಲ್ಲಿ ಗೆಡ್ಡೆ. 1970ರ ಮಾರ್ಚ್‌ನಲ್ಲಿ ತೀರಿಕೊಂಡಾಗ ಅವಳಿಗೆ ಬರೀ 24. ಮಾರ್ವಿನ್ ಮಂಕಾದ. ವೇದಿಕೆ ಬಿಟ್ಟ. ತಮ್ಮ ಫ್ರಾಂಕಿ ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದು, ಕಂಡದ್ದನ್ನೆಲ್ಲ ಹೇಳಿಕೊಂಡ. ಇಷ್ಟಾದ ಮೇಲೆ ಸುಮ್ನೆ ಪ್ರೇಮಗೀತೆ ಹಾಡಿಕೊಂಡಿರುವುದು ಅವನಿಗೆ ಕಷ್ಟವಾಯಿತು.

ವಿಚಿತ್ರ ಅಂದರೆ, ಅವನ ದಾರಿ ಬದಲಿಸಿದ ಹಾಡು ಹುಟ್ಟಿದ್ದು ಬೇರೆಯವರ ತಲೆಯಲ್ಲಿ. 1969ರ ಮೇನಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಪೀಪಲ್ಸ್ ಪಾರ್ಕ್‌ನಲ್ಲಿ ಪೊಲೀಸರು ಪ್ರತಿಭಟನೆ ಮಾಡುತ್ತಿದ್ದವರ ಮೇಲೆ ಮುಗಿಬಿದ್ದರು. ಅದನ್ನು ನೋಡಿ 'ಇಲ್ಲೇನು ನಡೀತಿದೆ?' ಅಂತ ಕೇಳಿಕೊಂಡವನು ಮೋಟೌನ್‌ನದೇ ಗಾಯನ ತಂಡ ಫೋರ್ ಟಾಪ್ಸ್‌ನ ಒಬಿ ಬೆನ್ಸನ್. ಹಾಡು ಬರೆಯುವ ಆಲ್ ಕ್ಲೀವ್‌ಲ್ಯಾಂಡ್ ಜೊತೆ ಸೇರಿ ಹಾಡು ಕಟ್ಟಿದ. ಅವನ ತಂಡದವರಿಗೇ ಬೇಡವಾಯಿತು, ಪ್ರತಿಭಟನೆಯ ಹಾಡು ನಮಗ್ಯಾಕೆ ಅಂದರು. ಹಾಡು ಮಾರ್ವಿನ್ ಕೈಗೆ ಬಂತು. ಅವನು ಮಾತು ಸೇರಿಸಿದ, ರಾಗ ತಿದ್ದಿದ, 'ವಾಟ್ಸ್ ಗೋಯಿಂಗ್ ಆನ್' ಅವನದೇ ಆಗಿಬಿಟ್ಟಿತು.

1970ರ ಜೂನ್‌ನ ರೆಕಾರ್ಡಿಂಗ್‌ನಲ್ಲೂ ಅರ್ಧ ಆಕಸ್ಮಿಕವೇ. ಆರಂಭದ ಸ್ಯಾಕ್ಸೊಫೋನ್ ಇದೆಯಲ್ಲ, ಅದು ಈಲೈ ಫಾಂಟೇನ್ ಕೈ ಪಳಗಿಸಿಕೊಳ್ಳಲು ನುಡಿಸಿದ್ದು. ಇಷ್ಟೇ ಸಾಕು ಅಂದ ಮಾರ್ವಿನ್. ಅವನ ಎರಡು ದನಿ ಒಂದರ ಮೇಲೊಂದು ಕೇಳುವುದೂ ಹಾಗೇ. ಎರಡು ಸಲ ಹಾಡಿದ್ದನ್ನು ತಂತ್ರಜ್ಞ ತಪ್ಪಿ ಒಟ್ಟಿಗೇ ಹಾಕಿಬಿಟ್ಟ. ಮಾರ್ವಿನ್‌ಗೆ ಅದೇ ಹಿಡಿಸಿತು. ಆಕಸ್ಮಿಕ ಯಾರಿಗಾದರೂ ಆಗುತ್ತದೆ. ಇದನ್ನು ಅಳಿಸಬೇಡಿ ಅನ್ನುವ ಕಿವಿ ಬೇಕು, ನನ್ನ ಪ್ರಕಾರ ಅವನ ದೊಡ್ಡಸ್ತಿಕೆ ಅಲ್ಲಿದೆ.

ಗಾರ್ಡಿಗೆ ಹಾಡು ಸೇರಲಿಲ್ಲ. ರಾಜಕೀಯದ ಹಾಡು ಯಾರು ಕೊಳ್ಳುತ್ತಾರೆ? ಮಾರ್ವಿನ್ ಹಟ ಹಿಡಿದ: ಇದು ಬಿಡುಗಡೆಯಾಗದೆ ಇನ್ನೊಂದು ಹಾಡು ಹಾಡಲ್ಲ. ತಿಂಗಳುಗಟ್ಟಲೆ ಹೀಗೇ ನಡೆಯಿತು. 1971ರ ಜನವರಿಯಲ್ಲಿ ಕಂಪನಿಯೊಳಗಿನವರೇ ಹಾಡನ್ನು ಹೊರಬಿಟ್ಟರು. ಅಮೆರಿಕದ ಪಾಪ್ ಪಟ್ಟಿಯಲ್ಲಿ ಅದು ಎರಡನೇ ಸ್ಥಾನಕ್ಕೆ ಏರಿತು. ಬೇಡ ಅಂದಿದ್ದ ಗಾರ್ಡಿಗೆ ಈಗ ಪೂರ್ತಿ ಆಲ್ಬಂ ಬೇಕಾಯಿತು, ಅದೂ ಬೇಗ!

ಮೇ 21ರಂದು ಬಂದ ಆಲ್ಬಂನಲ್ಲಿ ಒಂಬತ್ತು ಹಾಡು. ಒಂದು ಮುಗಿಯುವ ಮೊದಲೇ ಇನ್ನೊಂದರೊಳಗೆ ಹರಿದುಹೋಗುತ್ತದೆ. ಯುದ್ಧದಿಂದ ಮರಳಿದವನ ಮಾತಿದೆ, ಮಾದಕ ವಸ್ತುವಿನ ಚಟವಿದೆ, ಪಾದರಸ ತುಂಬಿದ ಮೀನಿದೆ, ತೆರಿಗೆ ಕಟ್ಟಲಾಗದ ಬಡವನಿದ್ದಾನೆ. ಆದರೆ ಎಲ್ಲೂ ಕೂಗಾಟವಿಲ್ಲ. ಅದೇ ಬೆಣ್ಣೆಯಂಥ ದನಿ.

ವರ್ಷಗಟ್ಟಲೆ ಹೆಸರಿಲ್ಲದೆ ನುಡಿಸುತ್ತಿದ್ದ ಮೋಟೌನ್ ವಾದ್ಯಗಾರರ ಹೆಸರು ಆಲ್ಬಂನ ಹೊದಿಕೆಯ ಮೇಲೆ ಅಚ್ಚಾದದ್ದು ಇದರಲ್ಲೇ ಮೊದಲು. ಬೇಸ್ ಗಿಟಾರಿನ ಜೇಮ್ಸ್ ಜೇಮರ್ಸನ್ ಕೂಡ ಅವರಲ್ಲೊಬ್ಬ. ಮರುವರ್ಷ ಕಂಪನಿ ಡೆಟ್ರಾಯ್ಟ್ ಬಿಟ್ಟು ಲಾಸ್ ಏಂಜಲೀಸ್‌ಗೆ ಹೊರಟಿತು. ಆ ವಾದ್ಯಗಾರರಲ್ಲಿ ಹಲವರು ಡೆಟ್ರಾಯ್ಟ್‌ನಲ್ಲೇ ಉಳಿದರು.