ವರ್ಷಕ್ಕೆ 400 ದಿನ: ಹವಳ ಕೊಟ್ಟ ಲೆಕ್ಕ

ಒಂದು ಕಾಲದಲ್ಲಿ ಭೂಮಿಯ ಮೇಲೆ ವರ್ಷಕ್ಕೆ ಸುಮಾರು 400 ದಿನಗಳಿದ್ದವು. ಇದು ಸುಮ್ನೆ ಊಹೆಯಲ್ಲ, ಒಂದೊಂದಾಗಿ ಎಣಿಸಿದ ಲೆಕ್ಕ. ಎಣಿಸಲು ಸಿಕ್ಕಿದ್ದು ಹವಳದ ಪಳೆಯುಳಿಕೆ.

ಹವಳದ ಜೀವಿ ತನ್ನ ಸುತ್ತ ಸುಣ್ಣದ ಗೂಡು ಕಟ್ಟುತ್ತಾ ಬೆಳೆಯುತ್ತದೆ. ಇಂದಿನ ದಿಬ್ಬದ ಹವಳಗಳಲ್ಲಿ ಈ ಕೆಲಸ ಹಗಲು ಜೋರು, ರಾತ್ರಿ ನಿಧಾನ. ಅದರ ಮೈಯೊಳಗಿನ ಪಾಚಿ ಬಿಸಿಲಿದ್ದಾಗ ಮಾತ್ರ ಆಹಾರ ತಯಾರಿಸುತ್ತದೆ, ಅಲ್ವಾ? ಹಾಗಾಗಿ ಗೂಡಿನ ಹೊರಮೈಯಲ್ಲಿ ದಿನಕ್ಕೊಂದು ಗೆರೆ ಮೂಡುತ್ತದೆ. ಋತು ಬದಲಾದಂತೆ ಗೆರೆಗಳ ಅಂತರವೂ ಬದಲಾಗುವುದರಿಂದ ಒಂದು ವರ್ಷ ಎಲ್ಲಿ ಮುಗಿಯಿತೆಂದು ಗುರುತಿಸಬಹುದು.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಳೆಯುಳಿಕೆ ತಜ್ಞ ಜಾನ್ ವೆಲ್ಸ್ ಈ ಗೆರೆಗಳನ್ನು ಎಣಿಸಲು ಕುಳಿತರು. ಇಂದಿನ ಹವಳದಲ್ಲಿ ವರ್ಷಕ್ಕೆ ಸುಮಾರು 360 ಗೆರೆ ಸಿಕ್ಕವು. ಆಮೇಲೆ ಡೆವೋನಿಯನ್ ಯುಗದ, ಅಂದರೆ ಸುಮಾರು 38 ಕೋಟಿ ವರ್ಷ ಹಳೆಯ ಹವಳಗಳನ್ನು ತೆಗೆದುಕೊಂಡರು. ಕೊಂಬಿನ ಆಕಾರದ ಕಲ್ಲು. ಬೆಳಕನ್ನು ಓರೆಯಾಗಿ ಬಿಟ್ಟು ಮಸೂರ ಹಿಡಿದರೆ ಸುತ್ತಲೂ ಕೂದಲೆಳೆಯಷ್ಟು ಸಣ್ಣ ಏಣುಗಳು ಕಾಣುತ್ತವೆ. ವರ್ಷಕ್ಕೆ ಸುಮಾರು 400! ಈ ಫಲಿತಾಂಶ 1963ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು.

ಇಲ್ಲಿ ಜಾಸ್ತಿ ಜನ ಎಡವುತ್ತಾರೆ. 400 ದಿನ ಎಂದ ಕೂಡಲೇ ವರ್ಷವೇ ಉದ್ದವಿತ್ತು ಅಂದುಕೊಳ್ಳುತ್ತಾರೆ. ಅಲ್ಲ. ಭೂಮಿ ಸೂರ್ಯನನ್ನು ಸುತ್ತಲು ಆಗಲೂ ಹೆಚ್ಚುಕಡಿಮೆ ಇಷ್ಟೇ ಕಾಲ ಬೇಕಿತ್ತು, ಸುಮಾರು 8,766 ಗಂಟೆ. ಅದನ್ನು 400ರಿಂದ ಭಾಗಿಸಿ. ದಿನಕ್ಕೆ 22 ಗಂಟೆಗೂ ತುಸು ಕಡಿಮೆ. ಗಿಡ್ಡವಿದ್ದದ್ದು ದಿನ.

ದಿನ ಉದ್ದವಾಗಿದ್ದು ಚಂದ್ರನಿಂದ. ಚಂದ್ರನ ಸೆಳೆತಕ್ಕೆ ಸಮುದ್ರ ಉಬ್ಬುತ್ತದೆ. ಆದರೆ ಚಂದ್ರ ಒಂದು ಸುತ್ತು ಮುಗಿಸುವುದಕ್ಕಿಂತ ಎಷ್ಟೋ ಬೇಗ ಭೂಮಿ ತನ್ನ ಸುತ್ತ ತಿರುಗುತ್ತದೆ. ಹಾಗಾಗಿ ಆ ಉಬ್ಬು ಚಂದ್ರನ ನೇರಕ್ಕೆ ನಿಲ್ಲದೆ ತುಸು ಮುಂದಕ್ಕೆ ಜರುಗುತ್ತದೆ. ಚಂದ್ರ ಅದನ್ನು ಹಿಂದಕ್ಕೆ ಎಳೆಯುತ್ತಲೇ ಇರುತ್ತಾನೆ. ತಿರುಗುವ ಬುಗುರಿಗೆ ಬೆರಳು ಸವರಿದ ಹಾಗೆ, ಭೂಮಿಯ ವೇಗ ಕುಗ್ಗುತ್ತದೆ. ಭೂಮಿ ಕಳೆದುಕೊಂಡ ತಿರುಗುವ ರಭಸ (ಕೋನೀಯ ಸಂವೇಗ) ಚಂದ್ರನಿಗೆ ಸೇರಿ ಅವನು ದೂರ ಸರಿಯುತ್ತಾನೆ. 1969ರಲ್ಲಿ ಅಪೋಲೋ 11ರ ಯಾತ್ರಿಗಳು ಚಂದ್ರನ ಮೇಲೆ ಪ್ರತಿಫಲಕ ಇಟ್ಟು ಬಂದರು. ಇಂಥ ಪ್ರತಿಫಲಕಗಳಿಗೆ ಲೇಸರ್ ಬಿಟ್ಟು ಅಳೆದಾಗ ಗೊತ್ತಾದದ್ದು, ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರ್ ದೂರ ಹೋಗುತ್ತಿದ್ದಾನೆ. ಸಮುದ್ರದ ಉಬ್ಬರ ಭೂಮಿಯನ್ನು ನಿಧಾನಗೊಳಿಸುತ್ತದೆ ಎಂದು ತತ್ವಜ್ಞಾನಿ ಕಾಂಟ್ 1754ರಲ್ಲೇ ಬರೆದಿದ್ದರು. ಅಳೆದು ನೋಡಲು ಆಗ ಉಪಕರಣಗಳಿರಲಿಲ್ಲ, ಅಷ್ಟೇ.

ದಿನ ಉದ್ದವಾಗುವುದು ಶತಮಾನಕ್ಕೆ ಸುಮಾರು 2 ಮಿಲಿಸೆಕೆಂಡ್. ಅದೇ ಲೆಕ್ಕ ಹಿಡಿದು 38 ಕೋಟಿ ವರ್ಷ ಹಿಂದಕ್ಕೆ ಹೋದರೆ ಎರಡು ಗಂಟೆ ಚಿಲ್ಲರೆ ಕಡಿಮೆಯಾಗುತ್ತದೆ. ಕಲ್ಲಿನ ವಯಸ್ಸು ಹೇಳಿದ್ದು ಕಲ್ಲಿನಲ್ಲಿರುವ ವಿಕಿರಣಶೀಲ ಧಾತುಗಳ ಕ್ಷಯ, ದಿನದ ಲೆಕ್ಕ ಕೊಟ್ಟಿದ್ದು ಖಗೋಳ. ಒಂದಕ್ಕೊಂದು ಸಂಬಂಧವೇ ಇಲ್ಲದ ಆ ಎರಡಕ್ಕೂ ಹವಳದ ಎಣಿಕೆ ತಾಳೆಯಾಯಿತು. ನನಗಂತೂ ವಿಜ್ಞಾನದಲ್ಲಿ ಇದಕ್ಕಿಂತ ಖುಷಿ ಕೊಡುವ ಹೊಂದಾಣಿಕೆ ಕಡಿಮೆ. ಹಾಗಂತ ಎಣಿಕೆ ಸುಲಭವಲ್ಲ. ಸವೆಯದ ಹೊರಮೈ ಸಿಗುವುದು ಅಪರೂಪ, ಗೆರೆಗಳು ಒಂದಕ್ಕೊಂದು ಬೆರೆತಿರುತ್ತವೆ. ಆದ್ದರಿಂದಲೇ 'ಸುಮಾರು' ಎನ್ನಬೇಕು.

ಇಂದಿನ ಹವಳಗಳನ್ನೂ ಹೀಗೇ ಓದುತ್ತಾರೆ. ದೊಡ್ಡ ಗುಂಡು ಹವಳಕ್ಕೆ ಕೊಳವೆಯಂಥ ಡ್ರಿಲ್ ಇಳಿಸಿ ಉದ್ದನೆಯ ತುಂಡು ತೆಗೆಯುತ್ತಾರೆ. ಎಕ್ಸ್-ರೇ ಹಿಡಿದರೆ ವರ್ಷದ ಪಟ್ಟಿಗಳು ಕಾಣುತ್ತವೆ. ನೀರು ಬಿಸಿಯಾದಷ್ಟೂ ಸುಣ್ಣದಲ್ಲಿ ಕ್ಯಾಲ್ಸಿಯಂಗೆ ಹೋಲಿಸಿದರೆ ಸ್ಟ್ರಾಂಷಿಯಂ ಎಂಬ ಲೋಹದ ಪಾಲು ಕಡಿಮೆ. ಅದನ್ನು ಅಳೆದರೆ ಥರ್ಮಾಮೀಟರ್ ಇಲ್ಲದ ಕಾಲದ ಸಮುದ್ರದ ತಾಪವೂ ತಿಳಿಯುತ್ತದೆ. ಇಂಥ ತುಂಡುಗಳನ್ನೇ ಆಧರಿಸಿ ಆಸ್ಟ್ರೇಲಿಯಾದ ವಿಜ್ಞಾನಿಗಳು 2024ರಲ್ಲಿ ಕೋರಲ್ ಸಮುದ್ರದ ನಾನೂರು ವರ್ಷಗಳ ತಾಪಮಾನ ಕಟ್ಟಿಕೊಟ್ಟರು. ಅಷ್ಟೂ ವರ್ಷಗಳಲ್ಲಿ ಅತಿ ಬಿಸಿಯ ಬೇಸಿಗೆಗಳು 2024, 2017 ಮತ್ತು 2020ರವು. ಆ ಮೂರೂ ವರ್ಷ ಅದೇ ಸಮುದ್ರದ ದೊಡ್ಡ ಹವಳದ ದಿಬ್ಬ ಗ್ರೇಟ್ ಬ್ಯಾರಿಯರ್ ರೀಫ್‌ನ ಹವಳಗಳು ಪಾಚಿ ಕಳೆದುಕೊಂಡು ಸಾಮೂಹಿಕವಾಗಿ ಬಿಳಿಚಿಕೊಂಡವು. ಹೀಗೆ ಬಿಳಿಚಿದ ಹವಳ ಚೇತರಿಸಿಕೊಳ್ಳದೆ ಸತ್ತರೆ ಅದರ ದಾಖಲೆಯೂ ಅದೇ ವರ್ಷಕ್ಕೆ ನಿಂತುಹೋಗುತ್ತದೆ.