ಚರ ವೆಚ್ಚ ಅಂದರೆ ಏನು? ಅಂಗಡಿ ಹಾಕುವ ಮುಂಚೆ ಈ ಲೆಕ್ಕ ಮಾಡಿ

ವಿಜಯಪುರದಲ್ಲಾಗಲಿ, ಬಾಗಲಕೋಟೆಯ ನವನಗರದಲ್ಲಾಗಲಿ, ಯಾರಾದರೂ ಹೊಸ ಅಂಗಡಿ ಹಾಕುತ್ತೇವೆ ಅಂದರೆ ಎಲ್ಲರೂ ಮೊದಲು ಕೇಳೋದು ಬಾಡಿಗೆ ಎಷ್ಟು ಅಂತ. ಆಮೇಲೆ ಡಿಪಾಸಿಟ್ ಎಷ್ಟು. ಇವೆರಡೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ಅಂಗಡಿ ನಡೆಯುತ್ತದೋ ಇಲ್ಲವೋ ಅನ್ನೋದು ಜಾಸ್ತಿ ನಿಂತಿರೋದು ಚರ ವೆಚ್ಚದ ಮೇಲೆ, ಅದನ್ನು ಮಾತ್ರ ಯಾರೂ ಕೇಳಲ್ಲ.

ಮಾರಾಟ ಏರಿದರೆ ಏರುವ, ಇಳಿದರೆ ಇಳಿಯುವ ಖರ್ಚು ಚರ ವೆಚ್ಚ. ತಿಂಗಳಿಡೀ ಶಟರ್ ಎತ್ತದೇ ಇದ್ದರೂ ಬಾಡಿಗೆ ಕೊಡಲೇಬೇಕು, ಅದು ಸ್ಥಿರ ವೆಚ್ಚ. ಮಾಲಿನ ಖರೀದಿ, ಹಮಾಲಿ, ಪ್ಯಾಕಿಂಗ್, ಹಾಳಾಗಿ ಹೋಗುವ ಮಾಲು, ಇವೆಲ್ಲ ಚರ ವೆಚ್ಚ. ನಡುವೆ ನಿಲ್ಲುವ ಖರ್ಚುಗಳೂ ಇವೆ. ಹೆಸ್ಕಾಂನ ಕರೆಂಟ್ ಬಿಲ್ಲನ್ನೇ ನೋಡಿ, ಅದರಲ್ಲಿ ಫಿಕ್ಸೆಡ್ ಚಾರ್ಜ್ ಒಂದು ಕಡೆ, ಉರಿಸಿದ ಯೂನಿಟ್ಟಿನ ದುಡ್ಡು ಇನ್ನೊಂದು ಕಡೆ. ಕೆಲಸದ ಹುಡುಗನ ಪಗಾರವೂ ಹಾಗೇ. ಗಿರಾಕಿ ಸ್ವಲ್ಪ ಹೆಚ್ಚಾದರೆ ಒಬ್ಬನೇ ಸುಧಾರಿಸುತ್ತಾನೆ, ಒಂದು ಮಟ್ಟ ದಾಟಿದ ಮೇಲೆ ಇನ್ನೊಬ್ಬ ಬೇಕೇ ಬೇಕು, ಆಗ ಖರ್ಚು ಒಮ್ಮೆಲೇ ಜಿಗಿಯುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ವಿಜಯಪುರದಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಮಾರುವ ಅಂಗಡಿ ಅಂತಿಟ್ಟುಕೊಳ್ಳಿ. ರೇಟುಗಳು ಬರೀ ಲೆಕ್ಕಕ್ಕೆ, ನಿಮ್ಮೂರಿನ ರೇಟು ನೀವು ಹಾಕಿಕೊಳ್ಳಿ. ಸದ್ಯಕ್ಕೆ ರೊಟ್ಟಿ ಅಷ್ಟೇ ಹಿಡಿಯೋಣ. ಹತ್ತು ರೊಟ್ಟಿಯ ಪ್ಯಾಕೆಟ್ 80 ರೂಪಾಯಿ. ರೊಟ್ಟಿ ಬಡಿದು ಕೊಡುವ ಹೆಣ್ಣುಮಕ್ಕಳಿಗೆ ಜೋಳದ ಹಿಟ್ಟು, ಕೂಲಿ ಎಲ್ಲ ಸೇರಿ ಪ್ಯಾಕೆಟ್ಟಿಗೆ 52, ಕವರು ಮತ್ತು ಲೇಬಲ್ಲಿಗೆ 3, ಆಟೋ ಬಾಡಿಗೆ 2. ಕಡಕ್ ರೊಟ್ಟಿ ಮುರಿಯದೇ ಅಂಗಡಿ ತಲುಪೋದು ಸುಲಭ ಅಲ್ಲ, ಹಳ್ಳಿಯಿಂದ ಬರುವ ದಾರಿಯಲ್ಲಿ ಬುಟ್ಟಿಯ ತಳದವು ಚೂರಾಗಿರುತ್ತವೆ, ಮಳೆಗಾಲದಲ್ಲಿ ಕವರು ಸರಿಯಾಗಿ ಮುಚ್ಚದಿದ್ದರೆ ಮೆತ್ತಗಾಗುತ್ತವೆ. ಆ ನಷ್ಟಕ್ಕೆ 3 ಹಿಡಿಯಿರಿ. ಒಟ್ಟು ಚರ ವೆಚ್ಚ 60, ಉಳಿದದ್ದು 20. ಈ 20 ರೂಪಾಯಿಗೆ ಕಾಂಟ್ರಿಬ್ಯೂಷನ್ ಅಂತಾರೆ. ಇದಿನ್ನೂ ಲಾಭ ಅಲ್ಲ, ಬಾಡಿಗೆ, ಪಗಾರ ಎಲ್ಲ ಇದರಲ್ಲೇ ತೀರಬೇಕು.

ತಿಂಗಳಿಗೆ ಬಾಡಿಗೆ, ಹುಡುಗನ ಪಗಾರ, ಲೈಟು, ಫೋನು, ಜೊತೆಗೆ ನಿಮ್ಮ ಸ್ವಂತ ಪಗಾರ ಸೇರಿ 40,000 ಆಯಿತು ಅನ್ನಿ. ಸ್ವಂತ ಪಗಾರ ದಯವಿಟ್ಟು ಬಿಡಬೇಡಿ. ಮಾಲೀಕನ ದುಡಿಮೆ ಪುಕ್ಕಟೆ ಅಂತ ಹಿಡಿದರೆ ಎಷ್ಟೋ ಅಂಗಡಿಗಳು ಸುಮ್ನೆ ಲಾಭದಲ್ಲಿ ಕಾಣುತ್ತವೆ. 40,000ವನ್ನು 20ರಿಂದ ಭಾಗಿಸಿ: 2,000 ಪ್ಯಾಕೆಟ್. ಅಷ್ಟು ಮಾರಿದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಈಗ ಬಾಡಿಗೆ 2,000 ಏರಿತು ಅಂದುಕೊಳ್ಳಿ. ತಿಂಗಳಿಗೆ 100 ಪ್ಯಾಕೆಟ್ ಹೆಚ್ಚಿಗೆ ಮಾರಬೇಕು, ಅಷ್ಟೇ. ಅದರ ಬದಲು ಜೋಳದ ರೇಟು ಏರಿ ಒಂದು ರೊಟ್ಟಿಗೆ ಬರೀ 40 ಪೈಸೆ ಜಾಸ್ತಿ ಆದರೆ? ಪ್ಯಾಕೆಟ್ಟಿಗೆ 4 ರೂಪಾಯಿ ಹೋಯಿತು, ಉಳಿಯೋದು 16, ಮಾರಬೇಕಾದದ್ದು 2,500. ಗಿರಾಕಿ ಸೆಳೆಯೋಕೆ 10% ಡಿಸ್ಕೌಂಟ್ ಬೋರ್ಡ್ ಹಾಕಿದರೆ ಪ್ಯಾಕೆಟ್ಟಿಗೆ 8 ರೂಪಾಯಿ ಹೋಗಿ 12 ಉಳಿಯುತ್ತದೆ. ಆಗ 3,334 ಪ್ಯಾಕೆಟ್ ಹೋಗಬೇಕು, ಅಂದರೆ ಮೂರರಲ್ಲಿ ಎರಡು ಪಾಲು ಹೆಚ್ಚು ಮಾರಾಟ. ಬಾಡಿಗೆಗೆ ತಿಂಗಳುಗಟ್ಟಲೆ ಚೌಕಾಸಿ ಮಾಡುವವರು ಡಿಸ್ಕೌಂಟನ್ನು ನಿಂತ ನಿಲುವಿನಲ್ಲಿ ಕೊಟ್ಟುಬಿಡ್ತಾರೆ, ಅದು ನನಗೆ ನಿಜಕ್ಕೂ ಬೇಸರದ ವಿಷಯ.

ಇನ್ನು ಅಂಗಡಿಗೆ ದುಡ್ಡು ಹಾಕೋದು ಲಾಯಕ್ಕೋ ಅಲ್ಲವೋ ಅನ್ನುವ ಪ್ರಶ್ನೆ. ರ್‍ಯಾಕು, ಕೌಂಟರು, ಬೋರ್ಡು ಎಲ್ಲಕ್ಕೂ 3 ಲಕ್ಷ ಹಾಕಿದಿರಿ, ಡಿಪಾಸಿಟ್ ವಾಪಸ್ ಬರುವುದರಿಂದ ಅದನ್ನು ಬಿಡೋಣ. ತಿಂಗಳಿಗೆ 2,500 ಪ್ಯಾಕೆಟ್ ಹೋದರೆ ಎಲ್ಲ ಖರ್ಚು ಕಳೆದು 10,000 ಉಳಿಯುತ್ತದೆ, ವರ್ಷಕ್ಕೆ 1,20,000. ಎರಡೂವರೆ ವರ್ಷಕ್ಕೆ ಹಾಕಿದ್ದು ವಾಪಸ್, ಚೆನ್ನಾಗಿಯೇ ಇದೆ ಅನ್ನಿಸುತ್ತದೆ ಅಲ್ವಾ? ಆದರೆ ಮುಂದಿನ ವರ್ಷ ಬರುವ ದುಡ್ಡಿಗೆ ಇವತ್ತಿನ ದುಡ್ಡಿನ ಬೆಲೆ ಇಲ್ಲ, ಯಾಕೆಂದರೆ ಸಾಲಕ್ಕೆ ಬಡ್ಡಿ ಓಡುತ್ತಿರುತ್ತದೆ. ವರ್ಷಕ್ಕೆ 12% ಬಡ್ಡಿ ಹಿಡಿದರೆ ಮೊದಲ ವರ್ಷದ 1,20,000ಕ್ಕೆ ಇವತ್ತಿನ ಬೆಲೆ ಸುಮಾರು 1,07,000 (ಇವತ್ತಿನ 1,07,000ಕ್ಕೆ ಬಡ್ಡಿ ಸೇರಿದರೆ ವರ್ಷಕ್ಕೆ ಸುಮಾರು 1,20,000 ಆಗುತ್ತದೆ), ಎರಡನೇ ವರ್ಷದ್ದಕ್ಕೆ 96,000, ಮೂರನೇ ವರ್ಷದ್ದಕ್ಕೆ 85,000. ಮೂರೂ ವರ್ಷ ಕೂಡಿಸಿದರೆ 2,88,000. ಅಂಗಡಿಯ ಕರಾರು ಮೂರೇ ವರ್ಷದ್ದಾದರೆ ನೀವು 12,000 ನಷ್ಟದಲ್ಲಿದ್ದೀರಿ.

ಇಲ್ಲಿಯೇ ಚರ ವೆಚ್ಚದ ಬಲ ಕಾಣೋದು. ಪ್ಯಾಕೆಟ್ಟಿಗೆ ಒಂದೇ ಒಂದು ರೂಪಾಯಿ ಉಳಿಸಿದಿರಿ ಅನ್ನಿ. ವರ್ಷಕ್ಕೆ 30,000 ಸೇರಿ 1,50,000 ಆಗುತ್ತದೆ. ಅದೇ 12%, ಅದೇ ಮೂರು ವರ್ಷ, ಇವತ್ತಿನ ಬೆಲೆ 3,60,000. ನಷ್ಟದ ಅಂಗಡಿ 60,000 ಲಾಭದ ಅಂಗಡಿ ಆಯಿತು, ಗಿರಾಕಿ ಒಬ್ಬನೂ ಹೆಚ್ಚಾಗದೆ.

ಆ ಒಂದು ರೂಪಾಯಿ ಎಲ್ಲಿಂದ ಬರುತ್ತದೆ? ರೊಟ್ಟಿ ಬಡಿಯುವವರ ಕೂಲಿಯಿಂದ ಕಡಿಯಬೇಡಿ. ಅದು ತಪ್ಪು, ಮತ್ತು ಒಳ್ಳೆ ಕೈ ಒಮ್ಮೆ ಬಿಟ್ಟುಹೋದರೆ ಮತ್ತೆ ಸಿಗೋದು ಕಷ್ಟ. ಮುರುಕು ರೊಟ್ಟಿಯನ್ನು ಎಸೆಯದೆ ಬೇರೆ ಕವರಿಗೆ ತುಂಬಿ ಕಡಿಮೆ ರೇಟಿಗೆ ಮಾರಿ. ಬುಟ್ಟಿ ಬಿಟ್ಟು ಗಟ್ಟಿ ಡಬ್ಬಿಯಲ್ಲಿ ತರಿಸಿ. ಹಿಂಗಾರಿ ಬಿಳಿಜೋಳ ಫೆಬ್ರವರಿ, ಮಾರ್ಚ್ ಹೊತ್ತಿಗೆ ರಾಶಿಯಾಗಿ ಬಜಾರಿಗೆ ಬರುತ್ತದೆ, ರೇಟು ಇಳಿದಿದ್ದರೆ ಆಗಲೇ ಕೊಂಡು ಹಿಟ್ಟು ಮಾಡಿಸಿ ಕೊಡುವುದೂ ಒಂದು ದಾರಿ. ಆದರೆ ಜೋಳದಲ್ಲಿ ಕೂತ ದುಡ್ಡಿನ ಬಡ್ಡಿ, ಹುಳದ ಕಾಟ ಎರಡನ್ನೂ ಲೆಕ್ಕಕ್ಕೆ ಹಿಡಿದೇ ಕೊಳ್ಳಬೇಕು.

ಕಣ್ಣಿಗೆ ಬೀಳದ ಚರ ವೆಚ್ಚಗಳೂ ಇವೆ. ಯುಪಿಐಗೆ 2020ರ ಜನವರಿಯಿಂದ ವ್ಯಾಪಾರಿಯ ಮೇಲೆ ಎಮ್‌ಡಿಆರ್ (ದುಡ್ಡು ಜಮಾ ಮಾಡಲು ಬ್ಯಾಂಕು ವ್ಯಾಪಾರಿಯಿಂದ ಹಿಡಿಯುವ ಶುಲ್ಕ) ಇಲ್ಲ, ಆದರೆ ಕ್ರೆಡಿಟ್ ಕಾರ್ಡ್ ಸ್ವೈಪ್ ಮಾಡಿಸಿದರೆ ಪ್ರತಿ ಬಿಲ್ಲಿಗೂ ಒಂದಿಷ್ಟು ಕಡಿತ ಆಗುತ್ತದೆ. ಡೆಲಿವರಿ ಆ್ಯಪ್‌ನವರ ಕಮಿಷನ್ನೂ ಹೀಗೇ. ಜಿಎಸ್‌ಟಿಯಲ್ಲಿ ಸಣ್ಣ ವ್ಯಾಪಾರಿಗಳಿಗಿರುವ ಸರಳ ತೆರಿಗೆ ವ್ಯವಸ್ಥೆಯಾದ ಕಾಂಪೋಸಿಷನ್ ಸ್ಕೀಮಿನಲ್ಲಿರುವ ವ್ಯಾಪಾರಿ ತೆರಿಗೆ ಬೀಳುವ ಮಾಲಿನ ಮಾರಾಟದ ಮೇಲೆ 1% ಕಟ್ಟಬೇಕು, ಅದನ್ನು ಬಿಲ್ಲಿನಲ್ಲಿ ಗಿರಾಕಿಯಿಂದ ಬೇರೆಯಾಗಿ ವಸೂಲಿ ಮಾಡುವಂತಿಲ್ಲ. ಹಾಗಾಗಿ ಅದು ನಿಮ್ಮದೇ ಚರ ವೆಚ್ಚ. ಅಂಥ 80 ರೂಪಾಯಿಯ ಮಾಲಿಗೆ 80 ಪೈಸೆ, ಕಷ್ಟಪಟ್ಟು ಉಳಿಸಿದ ಒಂದು ರೂಪಾಯಿ ಬಹುಪಾಲು ಅಲ್ಲಿಗೇ ಹೋಗುತ್ತದೆ.