ಎನ್‌ಹೆದುವಾನ್ನಾಳ ಫಲಕ: ಮುಂದಿನ ಚಿತ್ರ, ಹಿಂದಿನ ಬರಹ

ಮೆಸೊಪೊಟೇಮಿಯದ ಮಹಿಳೆಯರ ಬಗ್ಗೆ ಯಾರೇ ಬರೆಯಲಿ, ಜೊತೆಗೆ ಒಂದು ದುಂಡನೆಯ ಬಿಳಿಗಲ್ಲಿನ ಚಿತ್ರ ಇದ್ದೇ ಇರುತ್ತದೆ. ಎನ್‌ಹೆದುವಾನ್ನಾ, ಹೆಸರು ಗೊತ್ತಿರುವ ಜಗತ್ತಿನ ಮೊದಲ ಕವಿ ಎಂದು ಅದರ ಅಡಿಯಲ್ಲಿ ಅಚ್ಚಾಗಿರುತ್ತದೆ. ಆದರೆ ನಾವೀಗ ನೋಡುತ್ತಿರುವ ಫಲಕ ಇಡಿಯಾಗಿ ಸಿಕ್ಕಿದ್ದಲ್ಲ. ಅದರ ಗಣನೀಯ ಭಾಗ 20ನೇ ಶತಮಾನದಲ್ಲಿ ತುಂಬಿ ಸರಿಪಡಿಸಿದ್ದು. ಇದನ್ನು ತಿಳಿಯದೆ ನೋಡಿದರೆ ಇಲ್ಲದ್ದನ್ನೂ ಓದಿಬಿಡುತ್ತೇವೆ.

ಬ್ರಿಟಿಷ್ ಮ್ಯೂಸಿಯಂ ಮತ್ತು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮ್ಯೂಸಿಯಂ ಜೊತೆಗೂಡಿ 1922ರಿಂದ 1934ರವರೆಗೆ ದಕ್ಷಿಣ ಇರಾಕಿನ ಉರ್‌ನಲ್ಲಿ ಉತ್ಖನನ ನಡೆಸಿದವು. ಮುಂದಾಳು ಲೆನರ್ಡ್ ವೂಲಿ. 1920ರ ದಶಕದಲ್ಲಿ, ಚಂದ್ರದೇವನ ಮಹಾಪೂಜಾರಿಣಿಯರ ನಿವಾಸವಾಗಿದ್ದ ‘ಗಿಪಾರ್’ ಎಂಬ ಕಟ್ಟಡದಲ್ಲಿ ಈ ಫಲಕದ ಚೂರುಗಳು ಸಿಕ್ಕವು. ಸಿಕ್ಕ ಪದರ ಫಲಕ ಕೆತ್ತಿದ ಕಾಲಕ್ಕಿಂತ ಶತಮಾನಗಳಷ್ಟು ಈಚಿನದು. ಅಂದರೆ ಆ ಮಹಾಪೂಜಾರಿಣಿಯರಲ್ಲಿ ಒಬ್ಬಳಾದ ಎನ್‌ಹೆದುವಾನ್ನಾ ತೀರಿಹೋಗಿ ಎಷ್ಟೋ ತಲೆಮಾರು ಕಳೆದ ಮೇಲೂ ಕಲ್ಲು ಅಲ್ಲೇ ಉಳಿದಿತ್ತು. ಕಲ್ಲು ಕ್ಯಾಲ್ಸೈಟ್, ಬೆಳಕನ್ನು ತುಸು ಒಳಬಿಡುವ ಜಾತಿಯದು. ವ್ಯಾಸ 25.6 ಸೆಂ.ಮೀ., ದಪ್ಪ 7.1 ಸೆಂ.ಮೀ. ಈಗ ಫಿಲಡೆಲ್ಫಿಯಾದ ಪೆನ್ ಮ್ಯೂಸಿಯಂನಲ್ಲಿ ಬಿ16665 ಎಂಬ ಸಂಖ್ಯೆಯಡಿ ಇದೆ.

ಚಿತ್ರವಿರುವುದು ನಡುವಿನ ಅಡ್ಡಪಟ್ಟಿಯಲ್ಲಿ ಮಾತ್ರ. ನಾಲ್ವರೂ ಎಡಕ್ಕೆ ಮುಖ ಮಾಡಿದ್ದಾರೆ. ಮುಂದೆ ಬೆತ್ತಲೆ ಪೂಜಾರಿಯೊಬ್ಬ ಸೊಂಡಿಲಿನ ಪಾತ್ರೆಯಿಂದ ತರ್ಪಣ ಸುರಿಯುತ್ತಿದ್ದಾನೆ. ಅವನ ಹಿಂದೆ ಬಲಗೈ ಮುಖದ ಮಟ್ಟಕ್ಕೆ ಎತ್ತಿ ನಿಂತವಳೇ ಎನ್‌ಹೆದುವಾನ್ನಾ. ಆಕೆಯ ಹಿಂದೆ ಇಬ್ಬರು ಪರಿಚಾರಕರು. ಆಕೆಯ ತಲೆಯ ಮೇಲೆ ಅಂಚು ಸುರುಳಿಯಾದ ಟೋಪಿ, ಕೆನ್ನೆಯ ಪಕ್ಕ ಇಳಿಬಿದ್ದ ಜಡೆ, ಮೈಮೇಲೆ ಸಾಲು ಸಾಲು ನೆರಿಗೆಯ ನಿಲುವಂಗಿ. ಉಳಿದವರಿಗಿಂತ ಆಕೆಯನ್ನು ತುಸು ಎತ್ತರವಾಗಿ ಕೆತ್ತಿದ್ದಾರೆ. ತರ್ಪಣ ಆತನ ಕೈಯಿಂದಲೇ ಬೀಳುತ್ತಿದ್ದರೂ ವಿಧಿ ನಡೆಯುತ್ತಿರುವುದು ಆಕೆಯ ಯಜಮಾನಿಕೆಯಲ್ಲಿ.

ಎಡತುದಿಯಲ್ಲಿ ಮೆಟ್ಟಿಲು ಮೆಟ್ಟಿಲಾದ ಕಟ್ಟಡವೊಂದಿದೆ. ಇದನ್ನು ಉರ್‌ನ ಜಿಗ್ಗುರತ್ (ಹಂತ ಹಂತವಾಗಿ ಏರುವ ದೇಗುಲಗೋಪುರ) ಎಂದು ಹೇಳಿಬಿಡುವುದು ಸುಲಭ. ಆದರೆ ಇಂದು ಅಲ್ಲಿ ನಿಂತಿರುವ ಜಿಗ್ಗುರತ್ತನ್ನು ಕಟ್ಟಲು ಶುರುಮಾಡಿದ ಉರ್-ನಮ್ಮು ಆಳಿದ್ದು ಕ್ರಿ.ಪೂ. 2100ರ ಸುಮಾರಿಗೆ. ಎನ್‌ಹೆದುವಾನ್ನಾ ಅವನಿಗಿಂತ ಒಂದೂವರೆ ಶತಮಾನಕ್ಕೂ ಹಿಂದಿನವಳು. ಹಾಗಾದರೆ ಅದೇನು? ಉತ್ತರದ ಸುಳಿವು ಕಲ್ಲಿನ ಬೆನ್ನಿನಲ್ಲಿದೆ.

ಅಲ್ಲಿನ ಸುಮೇರಿಯನ್ ಬರಹದ ಸಾರ ಇಷ್ಟು: ಚಂದ್ರದೇವ ನಾನ್ನಾನ ಪತ್ನಿ (ಅಂದರೆ ಅವನ ಮಹಾಪೂಜಾರಿಣಿ), ಸಾರ್ಗಾನ್ ದೊರೆಯ ಮಗಳು ಎನ್‌ಹೆದುವಾನ್ನಾ ಉರ್‌ನ ಇನಾನ್ನಾ ದೇವತೆಯ ದೇಗುಲವೊಂದರಲ್ಲಿ ವೇದಿಕೆ ಮಾಡಿಸಿ ಅದಕ್ಕೆ ಹೆಸರಿಟ್ಟಳು. ಚಿತ್ರದ ಮೆಟ್ಟಿಲುಕಟ್ಟಡ ಈ ವೇದಿಕೆಯೇ ಇರಬಹುದು ಎನ್ನುವುದು ನನಗೆ ಹೆಚ್ಚು ಒಪ್ಪಿಗೆಯಾಗುವ ಓದು. ಬೆನ್ನಿನ ಬರಹವೂ ಒಡೆದುಹೋಗಿತ್ತು. ಅದನ್ನು ತುಂಬಲು ನೆರವಾದದ್ದು ಒಂದು ಜೇಡಿಮಣ್ಣಿನ ಹಲಗೆ. ಹಳೆಯ ಬ್ಯಾಬಿಲೋನಿಯನ್ ಕಾಲದ (ಸುಮಾರು ಕ್ರಿ.ಪೂ. 2000–1600) ಲಿಪಿಕಾರನೊಬ್ಬ ಅದೇ ಬರಹವನ್ನು ನಕಲು ಮಾಡಿಟ್ಟಿದ್ದ. ಅದೂ ಉರ್‌ನಲ್ಲೇ ಸಿಕ್ಕಿತು. ಹೀಗೆ ಬರಹದ ಪೂರಣಕ್ಕೆ ಪ್ರಾಚೀನ ಸಾಕ್ಷಿ ಇದೆ. ಚಿತ್ರದ ಪೂರಣಕ್ಕೆ ಅಂಥ ನಕಲು ಇಲ್ಲ. ಆದ್ದರಿಂದ ಉಡುಪು, ಕೈಯಲ್ಲಿರುವ ವಸ್ತು, ಕಟ್ಟಡದ ಹಂತಗಳ ಲೆಕ್ಕದ ಮೇಲೆ ವಾದ ಹೂಡುವವರು ಮೊದಲು ದುರಸ್ತಿಗೆ ಮುಂಚಿನ ಛಾಯಾಚಿತ್ರ ನೋಡಲೇಬೇಕು.

ಮಹಾಪೂಜಾರಿಣಿಯ ಈ ಪದವಿ ಶುರುವಾದದ್ದು ಯಾವಾಗ ಎಂಬುದೂ ಬಹುಕಾಲ ಚರ್ಚೆಯಲ್ಲಿದ್ದ ಪ್ರಶ್ನೆ. ಅಕ್ಕಾಡ್‌ನ ಸಾರ್ಗಾನ್ ಸುಮೇರಿಯನ್ ದಕ್ಷಿಣವನ್ನು ಗೆದ್ದವನು. ಅದನ್ನು ಹಿಡಿತದಲ್ಲಿಡಲು ಮಗಳನ್ನು ಉರ್‌ನ ದೊಡ್ಡ ದೇಗುಲದಲ್ಲಿ ಕೂರಿಸಿದ, ಪದವಿಯೂ ಅವನ ಸೃಷ್ಟಿಯೇ ಎಂದು ಕೆಲವರು ನಂಬಿದ್ದರು. 1987ರಲ್ಲಿ ಕಲಾ ಇತಿಹಾಸಕಾರ್ತಿ ಐರೀನ್ ವಿಂಟರ್ ಇನ್ನೊಂದು ಹಳೆಯ ಫಲಕವನ್ನು ಮುಂದಿಟ್ಟು ಇದನ್ನು ಪ್ರಶ್ನಿಸಿದರು. ಉರ್‌ನಲ್ಲೇ ಸಿಕ್ಕಿ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿರುವ, ಕ್ರಿ.ಪೂ. 2500ರ ಸುಮಾರಿನ ಸುಣ್ಣಕಲ್ಲಿನ ಫಲಕದಲ್ಲೂ ಬೆತ್ತಲೆ ಪೂಜಾರಿ ತರ್ಪಣ ಬಿಡುತ್ತಾನೆ. ಹಿಂದಿರುವವರ ನಡುವೆ ಒಬ್ಬಳು ಮಾತ್ರ ನೋಡುಗರತ್ತ ನೇರ ತಿರುಗಿ ನಿಂತಿದ್ದಾಳೆ. ಸಾರ್ಗಾನ್ ಹುಟ್ಟುವ ಮೊದಲೇ ಉರ್‌ನ ವಿಧಿಯಲ್ಲಿ ಇಂಥ ಸ್ತ್ರೀಗೆ ಜಾಗವಿತ್ತು. ಅವನು ಮಾಡಿದ್ದು ಇದ್ದ ಪೀಠಕ್ಕೆ ತನ್ನ ಮಗಳನ್ನು ಏರಿಸಿದ್ದು. ರಾಜಕೀಯವಾಗಿ ಇದೇ ಹೆಚ್ಚು ಜಾಣತನದ ನಡೆ.

ಇನ್ನು ಕವಿತೆಗಳು. ಆಕೆಯ ಹೆಸರು ಬರುವ ಇನಾನ್ನಾ ಸ್ತುತಿಯಲ್ಲಿ ಲುಗಲ್-ಅನೆ ಎಂಬವನು ಆಕೆಯನ್ನು ಪದವಿಯಿಂದ ಹೊರದಬ್ಬಿದ ದೂರು ಇದೆ. ಆದರೆ ಅದರ ಪ್ರತಿಗಳು ಆಕೆಗಿಂತ ಸುಮಾರು ಐದು ಶತಮಾನ ಈಚಿನವು. ಹಾಗಾಗಿ ಕರ್ತೃತ್ವದ ಚರ್ಚೆ ಮುಗಿದಿಲ್ಲ. ಈ ಫಲಕ ಆ ಚರ್ಚೆಯನ್ನು ಇತ್ಯರ್ಥ ಮಾಡಲಾರದು. ಆಕೆ ನಿಜಕ್ಕೂ ಬದುಕಿದ್ದಳು, ಅಧಿಕಾರದಲ್ಲಿದ್ದಳು ಎನ್ನುವುದನ್ನು ಮಾತ್ರ ಗಟ್ಟಿಯಾಗಿ ಹೇಳುತ್ತದೆ. ಅದಕ್ಕೆ ಜೊತೆ ಸಾಕ್ಷಿಯಾಗಿ ಆಕೆಯ ಸಿಬ್ಬಂದಿಯ ಮುದ್ರೆಗಳಿವೆ: ಮನೆವಾರ್ತೆಯ ಅದ್ದಾ, ಲಿಪಿಕಾರ ಸಗದು, ಕೇಶ ಸಿಂಗರಿಸುತ್ತಿದ್ದ ಇಲುಮ್-ಪಲಿಲ್. ಆಕೆಯ ಜಡೆಯನ್ನು ಕಲ್ಲಿನಲ್ಲಿ ಕಂಡವರಿಗೆ ಆ ಕೊನೆಯ ಹೆಸರು ವಿಶೇಷ ಸಂತೋಷ ಕೊಡುತ್ತದೆ.

ಪದವಿ ಆಕೆಯೊಂದಿಗೆ ಮುಗಿಯಲಿಲ್ಲ. ಕ್ರಿ.ಪೂ. 6ನೇ ಶತಮಾನದಲ್ಲಿ ಬ್ಯಾಬಿಲೋನಿನ ದೊರೆ ನಬೋನಿಡಸ್ ಚಂದ್ರಗ್ರಹಣವನ್ನು ದೇವರ ಸೂಚನೆಯೆಂದು ತಿಳಿದು, ನಿಂತುಹೋಗಿದ್ದ ಆ ಪೀಠಕ್ಕೆ ಮಗಳು ಎನ್ನಿಗಾಲ್ದಿಯನ್ನು ಕೂರಿಸಿದ. ಉಡುಪು ಹೇಗಿರಬೇಕೆಂದು ಹೇಳುವವರು ಯಾರೂ ಉಳಿದಿರಲಿಲ್ಲ. ಶತಮಾನಗಳ ಹಿಂದಿನ ಬ್ಯಾಬಿಲೋನ್ ದೊರೆ ಮೊದಲನೇ ನೆಬೂಕದ್ನೆಜರ್ ಕಾಲದ ಶಿಲಾಸ್ತಂಭದಲ್ಲಿ ಕೆತ್ತಿದ್ದ ಪೂಜಾರಿಣಿಯ ರೂಪವನ್ನು ನೋಡಿ ಅವಳ ಉಡುಪು, ಆಭರಣಗಳನ್ನು ಹೊಸದಾಗಿ ಮಾಡಿಸಿದರು.